ರೆಕ್ಕೆಯ ವೇಷ, ಕಡತದ ಲೆಕ್ಕ

ನಮ್ಮ ಹಿತ್ತಲಿನ ಕರಿಬೇವು, ನಿಂಬೆ ಗಿಡಗಳಲ್ಲಿ ಮೊಟ್ಟೆಯಿಡುವ 'ಕಾಮನ್ ಮಾರ್ಮನ್' ಚಿಟ್ಟೆಯನ್ನು ಗುರುತಿಸುವುದು ತೋರುವಷ್ಟು ಸುಲಭವಲ್ಲ. ಗಂಡಿಗೆ ಒಂದೇ ರೂಪ. ಹೆಣ್ಣಿಗೆ ನಮ್ಮಲ್ಲಿ ಮೂರು. ಒಂದು ಗಂಡನ್ನೇ ಹೋಲುತ್ತದೆ. ಉಳಿದೆರಡು 'ಕಾಮನ್ ರೋಸ್' ಮತ್ತು 'ಕ್ರಿಮ್ಸನ್ ರೋಸ್' ಎಂಬ ಬೇರೆ ಪ್ರಭೇದಗಳ ವೇಷ ತೊಟ್ಟಿರುತ್ತವೆ. ರೋಸ್ ಚಿಟ್ಟೆಗಳ ಹುಳುಗಳು ಈಶ್ವರಿ ಬಳ್ಳಿಯ ವಿಷವನ್ನುಂಡು ಬೆಳೆಯುವುದರಿಂದ ಹಕ್ಕಿಗಳು ಅವುಗಳ ತಂಟೆಗೆ ಹೋಗುವುದಿಲ್ಲ. ಆ ಭಯದ ಲಾಭ ಮಾರ್ಮನ್‌ಗೆ. ಆದರೆ ರೆಕ್ಕೆ ಮರೆಮಾಚಿದ್ದನ್ನು ಮೈ ಹೇಳಿಬಿಡುತ್ತದೆ: ರೋಸ್‌ಗಳ ಮೈ ಕೆಂಪು, ಮಾರ್ಮನ್‌ನದು ಕಪ್ಪು.

ಈ ಹೆಣ್ಣುಗಳೆಲ್ಲ ಒಂದೇ ಪ್ರಭೇದಕ್ಕೆ ಸೇರಿದವೆಂದು ಆಲ್‌ಫ್ರೆಡ್ ರಸೆಲ್ ವಾಲೇಸ್ 1865ರಲ್ಲೇ ವಿವರಿಸಿದ್ದರು. 'ಡಬಲ್‌ಸೆಕ್ಸ್' ಎಂಬ ಒಂದೇ ವಂಶವಾಹಿ ಈ ವೇಷಗಳನ್ನು ನಿಯಂತ್ರಿಸುತ್ತದೆಂದು ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿಕೊಟ್ಟರು. ಅರ್ಥಶಾಸ್ತ್ರ ಓದಿದವರಿಗೆ ಇದು ಖೋಟಾ ನಾಣ್ಯದ ಕಥೆ. ಅಸಲಿ ಸಾಕಷ್ಟು ಚಲಾವಣೆಯಲ್ಲಿರುವ ತನಕವೇ ನಕಲಿಗೆ ಬೆಲೆ.

ಋತುವೂ ರೂಪವನ್ನು ಬದಲಿಸುತ್ತದೆ. 'ಕಾಮನ್ ಈವನಿಂಗ್ ಬ್ರೌನ್' ಚಿಟ್ಟೆಯ ರೆಕ್ಕೆಯಡಿ ಮಳೆಗಾಲದಲ್ಲಿ ಕಣ್ಣಿನಂಥ ಚುಕ್ಕೆಗಳು ಎದ್ದು ಕಾಣುತ್ತವೆ. ಒಣ ಋತುವಿನಲ್ಲಿ ಅವು ಬಹುಮಟ್ಟಿಗೆ ಅಳಿದು, ಚಿಟ್ಟೆ ತರಗೆಲೆಯೊಡನೆ ಒಂದಾಗುತ್ತದೆ.

ಇದು ಹವ್ಯಾಸಿಗಳ ಕುತೂಹಲವಷ್ಟೇ ಅಲ್ಲ. 2002ರ ಜೈವಿಕ ವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ಜೀವವೈವಿಧ್ಯ ದಾಖಲಾತಿ ಇಡಬೇಕು. ಗಣಿಗೂ ಅಣೆಕಟ್ಟಿಗೂ ಪರಿಸರ ಪರಿಣಾಮ ವರದಿ ಬೇಕು. 2006ರ ಅಧಿಸೂಚನೆಯ ಪದ್ಧತಿಯಲ್ಲಿ ಅನೇಕ ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಾಕಾಗುತ್ತದೆ. ಮಾರ್ಮನ್ ಅನ್ನು ರೋಸ್ ಎಂದು ಬರೆದುಕೊಂಡರೆ, ಇಲ್ಲದ ಈಶ್ವರಿ ಬಳ್ಳಿ ಕಡತದಲ್ಲಿ ಹಬ್ಬುತ್ತದೆ. ರೋಸ್ ಅನ್ನು ಮಾರ್ಮನ್ ಎಂದರೆ ಇರುವ ಬಳ್ಳಿಯೇ ಲೆಕ್ಕದಿಂದ ಬಿದ್ದುಹೋಗುತ್ತದೆ. ಕಾಯಿದೆಯ ರಕ್ಷಣೆಯೂ ಪ್ರಭೇದದ ಹೆಸರನ್ನೇ ಅವಲಂಬಿಸಿದೆ.

ಚಿಟ್ಟೆಗಾಗಿ ರಸ್ತೆ ನಿಲ್ಲಿಸಬೇಕೇ ಎಂದು ಕೇಳುವವರಿದ್ದಾರೆ. ನಿಲ್ಲಿಸುವುದೋ ಬಿಡುವುದೋ ನಂತರದ ಮಾತು; ನಿರ್ಧಾರಕ್ಕೆ ಆಧಾರವಾದ ಲೆಕ್ಕ ಸರಿಯಿರಲಿ ಎಂಬುದಷ್ಟೇ ಬೇಡಿಕೆ. ಪಟ್ಟಿಯ ಪ್ರತಿ ಹೆಸರಿನೊಡನೆ ಛಾಯಾಚಿತ್ರ, ದಿನಾಂಕ, ಸ್ಥಳ ಇರಬೇಕು. ಸಮೀಕ್ಷೆ ಮಳೆಗಾಲದಲ್ಲೂ ನಡೆಯಬೇಕು. 'ಖಚಿತವಿಲ್ಲ' ಎಂದು ಬರೆಯಲು ಒಂದು ಅಂಕಣವೂ ಇರಬೇಕು. ಇದರಿಂದ ಕೆಲವು ತಿಂಗಳು ತಡವಾಗಬಹುದು, ನಿಜ. ಆದರೆ ತಪ್ಪು ಪಟ್ಟಿಯನ್ನು ಆಮೇಲೆ ತಿದ್ದಬಹುದು, ಕಡಿದ ಕಾಡನ್ನು ತಿದ್ದಲಾಗದು.