ವೀಡಿಯೊಗೆ ಬೇಕಾದ ಮಸುಕು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮದುವೆ, ನಾಮಕರಣಗಳ ವೀಡಿಯೊ ತೆಗೆಯುವ ವೃತ್ತಿ ಹಿಡಿದವರು ಕೆಲವರಿದ್ದಾರೆ. ಸ್ಥಿರಚಿತ್ರದ ಕ್ಯಾಮೆರಾದಲ್ಲಿಯೇ ವೀಡಿಯೊ ತೆಗೆಯುವ ಇವರಲ್ಲಿ ಒಂದು ನಂಬಿಕೆ ಬೇರೂರಿದೆ: ಸೆನ್ಸರಿನ ಮುಂದಿರುವ ಆಂಟಿ-ಅಲಿಯಾಸಿಂಗ್ ಫಿಲ್ಟರ್ ಚಿತ್ರವನ್ನು ಮಸುಕುಗೊಳಿಸುವ ಶನಿ, ಅದಿಲ್ಲದಿದ್ದರೆ ಒಳ್ಳೆಯದು ಎಂದು. ಸ್ಥಿರಚಿತ್ರದ ಮಟ್ಟಿಗೆ ಈ ವಾದದಲ್ಲಿ ಹುರುಳಿದೆ. 2012ರಲ್ಲಿ ನಿಕಾನ್ ಕಂಪನಿಯು ಡಿ800ರ ಜೊತೆಗೆ, ಫಿಲ್ಟರಿನ ಪರಿಣಾಮವನ್ನು ರದ್ದುಗೊಳಿಸಿದ ಡಿ800ಇ ಎಂಬ ಮಾದರಿಯನ್ನೂ ಹೊರತಂದಿತು. ಆದರೆ ಅದೇ ಮಾತನ್ನು ವೀಡಿಯೊಗೂ ಅನ್ವಯಿಸುವುದು ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಲೆಕ್ಕದಲ್ಲಿದೆ. 2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾದ ಸ್ಥಿರಚಿತ್ರದಲ್ಲಿ ಅಗಲಕ್ಕೆ 5616, ಎತ್ತರಕ್ಕೆ 3744 ಬಿಂದುಗಳು. ವೀಡಿಯೊದಲ್ಲಾದರೋ 1920 ಮತ್ತು 1080 ಮಾತ್ರ. ಸೆಕೆಂಡಿಗೆ 30 ಸಲ ಎಲ್ಲ ಬಿಂದುಗಳನ್ನೂ ಓದುವ ವೇಗ ಅದಕ್ಕಿರಲಿಲ್ಲ. ಆದುದರಿಂದ ಸುಮಾರು ಮೂರು ಸಾಲಿಗೊಂದನ್ನು ಓದಿ ಉಳಿದವನ್ನು ಕೈಬಿಡುತ್ತಿತ್ತು. ಅದರೊಳಗೆ ಫಿಲ್ಟರ್ ಇತ್ತು, ನಿಜ. ಆದರೆ ಅದು ಎಲ್ಲ ಸಾಲುಗಳನ್ನೂ ಓದುವ ಸ್ಥಿರಚಿತ್ರಕ್ಕೆ ಹೊಂದಿಸಿದ್ದು.

ಇದರ ಫಲವೇನೆಂಬುದಕ್ಕೆ ನಮ್ಮ ಶಾಲೆಯದೇ ದೃಷ್ಟಾಂತ ಸಾಕು. ಬೆಂಚಿಗೆ ಮೂವರಂತೆ ಕೂರಿಸಿ, ಪ್ರತಿ ಬೆಂಚಿನ ತುದಿಗೂ ಜಾಣನೊಬ್ಬನನ್ನು ಇರಿಸಿದ್ದೇವೆ ಎನ್ನಿ. ತಪಾಸಣೆಗೆ ಬಂದ ಸಾಹೇಬರು ಮೂರು ಮಂದಿಗೊಬ್ಬನನ್ನು ಪ್ರಶ್ನಿಸುತ್ತ ಹೋದರೆ ಇಡೀ ತರಗತಿಯೇ ಜಾಣರದೆಂದು ಬರೆದುಕೊಳ್ಳುವರು. (ಇಂತಹ ಏರ್ಪಾಡನ್ನು ನಾನು ಕಂಡಿಲ್ಲವೆನ್ನಲಾರೆ.) ಇಲ್ಲದ ಗುಣವೊಂದು ವರದಿಯಲ್ಲಿ ಮೂಡಿತು. ಹಾಗೆಯೇ ಚೌಕಳಿ ಸೀರೆ, ಗೆರೆಯಂಗಿ, ದೂರದ ಹಂಚಿನ ಮಾಡು ಇವುಗಳ ಮೇಲೆ ಇಲ್ಲದ ಅಲೆಗಳೂ ಕಾಮನಬಿಲ್ಲಿನ ಬಣ್ಣಗಳೂ ಹರಿದಾಡುತ್ತವೆ. ಇದಕ್ಕೆ ಮೊಯಿರೆ ಎನ್ನುತ್ತಾರೆ. ಸ್ಥಿರಚಿತ್ರದಲ್ಲಿ ಅದು ಒಂದೆಡೆ ನಿಂತಿರುತ್ತದೆ. ವೀಡಿಯೊದಲ್ಲಿ ವಧು ಅಲುಗಿದಂತೆಲ್ಲ ತೆವಳುತ್ತದೆ. ನೋಡುವವರ ಕಣ್ಣು ಮುಖವನ್ನು ಬಿಟ್ಟು ಸೀರೆಯ ಮೇಲೆ ಬೀಳುತ್ತದೆ.

ಮೂವರ ಉತ್ತರಗಳನ್ನೂ ಬೆರೆಸಿ ಕೇಳಿಸಿಕೊಂಡಿದ್ದರೆ ಸಾಹೇಬರು ಮೋಸಹೋಗುತ್ತಿರಲಿಲ್ಲ. ಫಿಲ್ಟರ್ ಮಾಡುವುದು ಈ ಬೆರೆಸುವ ಕೆಲಸವನ್ನೇ. 1669ರಲ್ಲಿ ಬಾರ್ತೊಲಿನ್ ವರ್ಣಿಸಿದ ದ್ವಿವಕ್ರೀಭವನವೇ ಇದರ ಮೂಲ: ಸ್ಫಟಿಕವು ಒಂದು ಕಿರಣವನ್ನು ಎರಡಾಗಿಸುತ್ತದೆ, ಎರಡು ಪದರಗಳಿದ್ದರೆ ನಾಲ್ಕಾಗುತ್ತದೆ, ಹೀಗೆ ಅತಿ ಸೂಕ್ಷ್ಮ ವಿವರ ಪಕ್ಕದ ಬಿಂದುಗಳಿಗೆ ಹಂಚಿಹೋಗುತ್ತದೆ. ಸಾಲು ಬಿಟ್ಟು ಓದುವ ಕ್ಯಾಮೆರಾಕ್ಕೆ ಈ ಹಂಚಿಕೆ ಇನ್ನೂ ಅಗಲವಾಗಿರಬೇಕು. ಇದನ್ನರಿತ ಮೊಸಾಯಿಕ್ ಇಂಜಿನಿಯರಿಂಗ್ ಎಂಬ ಸಂಸ್ಥೆಯು 5ಡಿ ಮಾರ್ಕ್ 2ಕ್ಕೆಂದೇ, ಕನ್ನಡಿಯನ್ನು ಮೇಲೆತ್ತಿ ಸೆನ್ಸರಿನ ಮುಂದೆ ಕೂರಿಸುವ ಫಿಲ್ಟರೊಂದನ್ನು ಮಾರಾಟಕ್ಕೆ ತಂದಿತು. ತೊಡಕುಗಳಿಲ್ಲದಿಲ್ಲ. ಫೋಟೊ ತೆಗೆಯಲು ಅದನ್ನು ಕಳಚಬೇಕು. ಅಗಲ ಕೋನದ ಮಸೂರಗಳಲ್ಲಿ ಚಿತ್ರದ ಅಂಚು ಕೆಡುವುದುಂಟು.

ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಿದರಾಯಿತೆಂಬುವರಿಗೆ ಒಂದು ಮಾತು. ಮೊತ್ತ 12 ಎಂದಷ್ಟೇ ಹೇಳಿದರೆ ಅದು 7 ಮತ್ತು 5ರದೋ 8 ಮತ್ತು 4ರದೋ ಯಾರು ಬಲ್ಲರು? ಸುಳ್ಳು ಗೆರೆ ನಿಜದೊಡನೆ ಒಮ್ಮೆ ಬೆರೆತರೆ ಬಣ್ಣವನ್ನಷ್ಟು ತಗ್ಗಿಸಬಹುದು, ನೇಯ್ಗೆಯನ್ನು ಮರಳಿ ತರಲಾಗದು. ಧಾರೆಯನ್ನು ಎರಡನೆಯ ಸಲ ಎರೆಸಲಾಗದು. ಆ ವೀಡಿಯೊದಲ್ಲಿ ಮಾತ್ರ ಉಳಿದಿರುವ ಹಿರಿಯರೂ ಇರುತ್ತಾರೆ.

ಎಲ್ಲ ಬಿಂದುಗಳನ್ನೂ ಓದಿ ಕುಗ್ಗಿಸುವ ಹೊಸ ಕ್ಯಾಮೆರಾಗಳಲ್ಲಿ ಈ ಬಾಧೆ ಬಹಳ ಕಡಿಮೆ. ಹಳೆಯದನ್ನು ಕೊಳ್ಳುವವರು, ಇಟ್ಟುಕೊಂಡಿರುವವರು ಗೆರೆಯಂಗಿಯೊಂದನ್ನು ಗೋಡೆಗೆ ತೂಗುಹಾಕಿ, ಬೇರೆ ಬೇರೆ ದೂರಗಳಿಂದ ಅರ್ಧ ನಿಮಿಷ ವೀಡಿಯೊ ತೆಗೆದು ದೊಡ್ಡ ಪರದೆಯಲ್ಲಿ ನೋಡಿರಿ. ಬಣ್ಣದ ಅಲೆ ಎದ್ದರೆ ಫಿಲ್ಟರಿಗೆ ಹಣ ತೆಗೆದಿಡಿ. ಏಳದಿದ್ದರೆ ಆ ಹಣಕ್ಕೆ ಒಳ್ಳೆಯ ಮೈಕು ಕೊಳ್ಳಿರಿ.