ಕಾರಣದ ಖಾನೆ

ಕಳೆದ ಸಂಚಿಕೆಯ ಅಂಕಣ ಓದಿದ ಮಿತ್ರರೊಬ್ಬರು, "ಗುಮಾಸ್ತನಿಗೆ ಕಡತ ಬಿಟ್ಟರೆ ಬೇರೆ ಲೋಕವೇ ಇಲ್ಲವೇನಯ್ಯಾ?" ಎಂದು ಕೇಳಿದರು. ಇಲ್ಲ ಸ್ವಾಮಿ, ಈ ಸಲವೂ ಕಡತದ ಮಾತೇ. ಆದರೆ ಕಡತ ನಮ್ಮ ಕಛೇರಿಯದಲ್ಲ, ಮೂತ್ರಪಿಂಡದ ಡಾಕ್ಟರರದು.

ಮೂತ್ರಪಿಂಡಕ್ಕೆಂದೇ ಬೇರೆ ಡಾಕ್ಟರರೆಂಬುದು ಬಹಳ ಹಳೆಯ ಏರ್ಪಾಡೇನಲ್ಲ. ಅವರ ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದು 1960ರಲ್ಲಿ. ಮೊದಲ ಮಹಾಸಭೆ ಜಿನೀವಾ ಮತ್ತು ಎವಿಯಾನ್ ಊರುಗಳಲ್ಲಿ ನೆರೆಯಿತು. ಹತ್ತು ವರ್ಷದ ತರುವಾಯ, 1970ರಲ್ಲಿ, ನಮ್ಮವರೂ ಇಂಡಿಯನ್ ಸೊಸೈಟಿ ಆಫ್ ನೆಫ್ರಾಲಜಿ ಎಂಬ ಸಂಘ ಕಟ್ಟಿಕೊಂಡರು. ಚಂಡೀಗಢದ ಡಾ. ಕೆ. ಎಸ್. ಚುಗ್ ಅದರ ಮೊದಲಿಗರಲ್ಲಿ ಒಬ್ಬರು. ಮಾರನೆಯ ವರ್ಷವೇ ನಮಗೆ ಹತ್ತಿರದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಒಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರಿಗೆ ಕಸಿ ಮಾಡಿದರು. ದೇಶದಲ್ಲಿ ಸಫಲವಾದ ಮೊದಲ ಕಸಿ ಅದು. 1991ರಿಂದ ಸಂಘಕ್ಕೆ ಸ್ವಂತ ಪತ್ರಿಕೆಯೂ ಆಯಿತು. 2008ರಲ್ಲೂ ಅದು ನಮ್ಮದರಂತೆ ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಅದರ ಸಂಪಾದಕರೂ ಲೇಖನ ತಡವಾಯಿತೆಂದು ಗದರುತ್ತಿದ್ದರೋ ಏನೋ!

ಇರಲಿ. ಸಭೆ, ಹಾರ, ಪದಾಧಿಕಾರಿಗಳ ಫೋಟೋ ಯಾವ ಸಂಘಕ್ಕೂ ಉಂಟು. ನನಗೆ ಮೆಚ್ಚುಗೆಯಾದದ್ದು ಇವರು 2005ರಲ್ಲಿ ತೊಡಗಿದ ಕೆಲಸ. ದೇಶದಲ್ಲಿ ಯಾರಿಗೆ, ಯಾವ ಕಾರಣದಿಂದ ಮೂತ್ರಪಿಂಡ ಕೆಡುತ್ತಿದೆ ಎಂಬುದಕ್ಕೆ ಒಂದು ನೋಂದಣಿ ಪುಸ್ತಕ ತೆರೆದರು. ಊರೂರ ಡಾಕ್ಟರರು ತಾವಾಗಿಯೇ ತಮ್ಮ ರೋಗಿಗಳ ವಿವರ ತುಂಬಿ ಕಳಿಸಿದರು. ಸಂಬಳವಿಲ್ಲದೆ ನಮೂನೆ ತುಂಬುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. 2012ರಲ್ಲಿ ಮೊದಲ ವರದಿ ಹೊರಬಂತು; 52,273 ಮಂದಿಯ ಲೆಕ್ಕ.

ಕಾರಣದ ಖಾನೆ ನೋಡಿ. ನೂರಕ್ಕೆ 31 ಮಂದಿಗೆ ಸಕ್ಕರೆ ಕಾಯಿಲೆಯಿಂದ, 13 ಮಂದಿಗೆ ರಕ್ತದೊತ್ತಡದಿಂದ. 16 ಮಂದಿಗೆ ಕಾರಣ ಗೊತ್ತಾಗಿಲ್ಲ. ಗೊತ್ತಾಗಿಲ್ಲವೆಂದೇ ಬರೆದಿದ್ದಾರೆ. ನಮ್ಮಲ್ಲಾಗಿದ್ದರೆ ಮೇಲಧಿಕಾರಿಗಳು ಕೇಳಿಯಾರೆಂದು ಹೆದರಿ ಏನಾದರೊಂದು ತುಂಬಿಬಿಡುತ್ತಿದ್ದೆವು. ಇನ್ನು, ನೂರರಲ್ಲಿ ಗಂಡಸರು 70, ಹೆಂಗಸರು 30. ಹೆಂಗಸರ ಮೂತ್ರಪಿಂಡ ಕಬ್ಬಿಣದ್ದೆಂದು ಇದರ ಅರ್ಥವಲ್ಲ. ಅವರನ್ನು ದೊಡ್ಡ ಡಾಕ್ಟರರ ಬಳಿಗೆ ಕರೆದೊಯ್ಯುವವರು ಕಡಿಮೆ ಎಂದೇ ನನ್ನ ಗುಮಾನಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಕಿ. ನೂರಕ್ಕೆ 48 ಮಂದಿ ಡಾಕ್ಟರರ ಮುಂದೆ ಬಂದಾಗಲೇ ಐದನೆಯ ಹಂತ, ಅಂದರೆ ಕೊನೆಯ ಹಂತ ತಲುಪಿದ್ದರು. ನಮ್ಮ ತಂದೆಯವರೂ ಅಂಥವರೇ. ಕಾಲು ಊದಿದಾಗ "ರೈಲಿನಲ್ಲಿ ನಿಂತು ಬಂದದ್ದು" ಎಂದರು. ಊಟ ಸೇರದಾಗ ಪಿತ್ತವೆಂದರು. ಮನೆಯವರಾದ ನಾವೂ ಹೌದೆಂದೆವು. ರಕ್ತ ಪರೀಕ್ಷೆಯ ಚೀಟಿ ಕೈಗೆ ಬಂದಾಗ ಕಾಲ ಮಿಂಚಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್ ಎಂದು ಎರಡು ವರ್ಷ ನಡೆಯಿತು.

ಆ ದಿನಗಳಲ್ಲಿ ಪರಿಚಯಸ್ಥರೊಬ್ಬರು ಬಂದು ದನಿ ತಗ್ಗಿಸಿ, "ದೂರ ಹೋಗಬೇಕಿಲ್ಲ, ಎರ್ಣಾವೂರಿನಲ್ಲೇ ಸಿಕ್ಕೀತು" ಎಂದರು. ಎಣ್ಣೂರಿನವರಿಗೆ ವಿವರಿಸಬೇಕಿಲ್ಲ; ದೂರದ ಊರುಗಳ ಓದುಗರಿಗಾಗಿ ಬರೆಯುತ್ತೇನೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಮನೆಮಠ ಕಳೆದುಕೊಂಡ ಬೆಸ್ತರ ಸಂಸಾರಗಳಿಗೆ ನಮ್ಮ ಪಕ್ಕದ ಎರ್ಣಾವೂರಿನಲ್ಲಿ ವಸತಿ ಮಾಡಿಕೊಟ್ಟಿದ್ದರು. ಅಲ್ಲಿನ ಹೆಂಗಸರು ಸಾಲಕ್ಕಾಗಿ ಮೂತ್ರಪಿಂಡ ಮಾರಿದ ಸುದ್ದಿ 2007ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂತು. 1994ರ ಕಾಯದೆಯಂತೆ ಹಣಕ್ಕೆ ಅಂಗ ಮಾರುವುದು ಅಪರಾಧ. ಆದರೆ ಬಂಧುವಲ್ಲದವರು ಮಮತೆಯಿಂದ ಕೊಡುವುದಾದರೆ ಸಮಿತಿಯ ಅನುಮತಿ ಪಡೆದು ಕೊಡಬಹುದು. ಮಮತೆಗೆ ಸಾಕ್ಷಿ, ಸಹಿ, ಮೊಹರು! ಕಾಗದಗಳೆಲ್ಲ ಸರಿಯಾಗಿದ್ದೂ ಒಳಗಿನ ವಿಷಯ ಸುಳ್ಳಾಗಿರಬಹುದೆಂದು ಗುಮಾಸ್ತನಿಗಿಂತ ಚೆನ್ನಾಗಿ ಬಲ್ಲವರಾರು?

ನಾವು ಬೇಡವೆಂದೆವು. ಧರ್ಮಬುದ್ಧಿಯಿಂದ ಎಂದು ಬರೆದರೆ ಪೂರ್ತಿ ನಿಜವಾಗದು. ಕೈಯಲ್ಲಿ ಹಣವೂ ಇರಲಿಲ್ಲ. ಇದ್ದಿದ್ದರೆ ಏನು ಹೇಳುತ್ತಿದ್ದೆವೋ, ಆ ಪ್ರಶ್ನೆಯನ್ನು ತಾಯಿಯವರೂ ನಾನೂ ಈವರೆಗೆ ಎತ್ತಿಲ್ಲ.

ಮಾರಿದವರ ಲೆಕ್ಕ ಡಾಕ್ಟರರ ಆ ಪುಸ್ತಕದಲ್ಲಿಲ್ಲ. ಅದು ರೋಗಿಗಳ ಪುಸ್ತಕ. ಬೇರೆ ಸಂಶೋಧಕರು 2001ರಲ್ಲಿ ಇದೇ ಚೆನ್ನೈಯಲ್ಲಿ ಮೂತ್ರಪಿಂಡ ಮಾರಿದ 305 ಮಂದಿಯನ್ನು ಹುಡುಕಿ ಮಾತಾಡಿಸಿದರು. ವರದಿ ಮರುವರ್ಷ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಅಚ್ಚಾಯಿತು. ನೂರಕ್ಕೆ 96 ಮಂದಿ ಸಾಲ ತೀರಿಸಲೆಂದೇ ಮಾರಿದ್ದರು. ಆಮೇಲೆ ಸಂಸಾರದ ವರಮಾನ ಮೂರರಲ್ಲೊಂದು ಪಾಲು ಇಳಿದಿತ್ತು. ಹೆಚ್ಚಿನವರ ಸಾಲ ಹಾಗೆಯೇ ಇತ್ತು. ನೀವು ಮಾಡಿದ್ದನ್ನು ಇನ್ನೊಬ್ಬರಿಗೆ ಹೇಳುವಿರಾ ಎಂದರೆ 79 ಮಂದಿ ಇಲ್ಲವೆಂದರು. ಆ 305 ಮಂದಿಯಲ್ಲಿ ಹೆಂಗಸರೇ ಹೆಚ್ಚು. ರೋಗಿಗಳ ಪುಸ್ತಕದಲ್ಲಿ ಕಡಿಮೆಯಾಗಿ ಕಂಡವರು ಇಲ್ಲಿ ಹೆಚ್ಚಾಗಿ ಕಂಡರು!

ಕೊನೆಯ ಹಂತದವರೆಗೆ ಕಾಯದಿದ್ದರೆ ಕೊಳ್ಳುವವರೂ ಕಡಿಮೆಯಾಗುತ್ತಾರಷ್ಟೆ. ಇದನ್ನು ಚೆನ್ನೈಯ ಡಾ. ಎಂ. ಕೆ. ಮಣಿ ಮಾಡಿ ತೋರಿಸಿದರು. ಅವರ ಕಿಡ್ನಿ ಹೆಲ್ಪ್ ಟ್ರಸ್ಟಿನ ಕೆಲಸಗಾರ್ತಿಯರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮೂತ್ರದಲ್ಲಿ ಸಕ್ಕರೆ, ಪ್ರೋಟೀನು ಇದೆಯೇ ಎಂದು ನೋಡಿದರು, ರಕ್ತದೊತ್ತಡ ಅಳೆದರು. ದೋಷ ಕಂಡವರಿಗೆ ಅಗ್ಗದ ಮಾತ್ರೆಗಳಿಂದಲೇ ಚಿಕಿತ್ಸೆ ನಡೆಯಿತು. ಯಂತ್ರವಿಲ್ಲ, ಹವಾನಿಯಂತ್ರಿತ ಕೋಣೆಯಿಲ್ಲ.

ಹೋದ ತಿಂಗಳು ತಾಯಿಯವರನ್ನು ಕರೆದುಕೊಂಡು ಹೋಗಿ ಈ ಪರೀಕ್ಷೆಗಳ ಜೊತೆಗೆ ರಕ್ತದ ಕ್ರಿಯಾಟಿನಿನ್ ಕೂಡ ಮಾಡಿಸಿಕೊಂಡು ಬಂದೆ. "ನನಗೇನಾಗಿದೆ, ದಂಡದ ಖರ್ಚು" ಎಂದು ದಾರಿಯುದ್ದಕ್ಕೂ ಗೊಣಗಿದರು. ಮನೆ ಸೇರಿದ ಮೇಲೆ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ತಾವೇ ಎರಡು ಸಲ ಓದಿದರು.