ಅಮ್ಮನ ಸೆರಗು, ನನ್ನ ಸ್ಕ್ರೀನು

ನಮ್ಮೂರು ಶಿಡ್ಲಘಟ್ಟದ ಹತ್ತಿರ. ರೇಷ್ಮೆ ಹುಳು ಇದ್ದಷ್ಟು ದಿನ ನಡುಮನೆ ಅವುಗಳದ್ದು. ಉಳಿದ ಒಂದೇ ಕೋಣೆಯಲ್ಲಿ ಅಮ್ಮನ ಹಾಸಿಗೆ, ನನ್ನ ಟೇಬಲ್ಲು. ನಾಲ್ಕನೇ ಜ್ವರ ಎದ್ದ ಹುಳುಗಳ ಹಸಿವು ಕೇಳಲೇಬೇಡಿ! ರಾತ್ರಿ ಹತ್ತೂವರೆಗೆ ಸೊಪ್ಪು ಹಾಕಿ ಮಲಗುವ ಅಮ್ಮ, ಬೆಳಗಿನ ಜಾವ ಮತ್ತೆ ಏಳಬೇಕು. ನನ್ನ ಆಫೀಸು ಜೋರಾಗೋದೂ ಅದೇ ಹೊತ್ತಿಗೆ. ಅಮೆರಿಕದ ಕ್ಲೈಂಟು.

ಹಳೇ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಕೊಂಡಿದ್ದೆ. ಚೆನ್ನಾಗೇ ಓಡ್ತಿತ್ತು. ಆದರೆ ಬ್ರೈಟ್‌ನೆಸ್ ಕೀ ಒತ್ತಿದರೆ ಪರದೆ ಮೇಲಿನ ಗೆರೆ ಇಳಿಯುತ್ತೆ, ಬೆಳಕು ಮಾತ್ರ ಇಳಿಯಲ್ಲ. ಒಂದು ರಾತ್ರಿ ತಿರುಗಿ ನೋಡ್ತೀನಿ, ಅಮ್ಮ ಮುಖದ ಮೇಲೆ ಸೆರಗು ಎಳಕೊಂಡು ಮಲಗಿದ್ದಾಳೆ. ಎಷ್ಟು ದಿನದಿಂದ ಹೀಗೋ! ಕೇಳಿದ್ದಕ್ಕೆ, "ನಿನ್ ಕೆಲ್ಸ ನೀನ್ ನೋಡ್ಕೊ" ಅಂದಳು.

ಮೊದಲು ಎಕ್ಸ್‌ರಾಂಡರ್ ಅನ್ನೋ ಕಮಾಂಡಿಗೆ 0.5 ಅಂತ ಕೊಟ್ಟೆ. ಪರದೆ ಮಂಕಾಯ್ತು. ಆದರೆ ಅದು ಚಿತ್ರದ ಬಣ್ಣವನ್ನಷ್ಟೇ ಕಪ್ಪಾಗಿಸುತ್ತೆ, ಹಿಂದಿನ ದೀಪ ಪೂರ್ತಿ ಉರೀತಾನೇ ಇರುತ್ತೆ. ಲಾಟೀನಿನ ಬತ್ತಿ ಇಳಿಸೋ ಬದಲು ಗಾಜಿಗೆ ಮಸಿ ಬಳಿದ ಹಾಗೆ. ಕರೆಂಟ್ ಹೋದಾಗ ಬ್ಯಾಟರಿ ಎಂದಿನಷ್ಟೇ ಬೇಗ ಖಾಲಿ.

ಆ ದೀಪದ ನಿಜವಾದ ಕಿವಿ ಇರೋದು 'ಸಿಸ್' ಫೋಲ್ಡರಿನ 'ಕ್ಲಾಸ್' ಒಳಗೆ, 'ಬ್ಯಾಕ್‌ಲೈಟ್' ಅನ್ನೋ ಕಡೆ. ತೆರೆದರೆ ಎರಡು ಹೆಸರು: 'ಎಸಿಪಿಐ ವಿಡಿಯೊ 0', 'ಇಂಟೆಲ್ ಬ್ಯಾಕ್‌ಲೈಟ್'. ಎರಡರಲ್ಲೂ 'ಬ್ರೈಟ್‌ನೆಸ್' ಅಂತ ಒಂದು ಫೈಲು, ಒಳಗೆ ಒಂದು ಸಂಖ್ಯೆ. ಮೊದಲನೆಯದರ ಸಂಖ್ಯೆ ಬದಲಿಸಿದರೆ ಏನೂ ಆಗಲಿಲ್ಲ, ಎರಡನೆಯದಕ್ಕೆ ದೀಪ ಬಗ್ಗಿತು. ಕೀ ಇಷ್ಟು ದಿನ ಕಿವುಡನಿಗೆ ಹೇಳ್ತಿತ್ತು! ಉತ್ಸಾಹದಲ್ಲಿ 0 ಬರೆದು ಪರದೆ ಪೂರ್ತಿ ಕತ್ತಲಾಗಿ ತಡಕಾಡಿದೆ, ನೀವು ಹಾಗೆ ಮಾಡಬೇಡಿ.

ಆಮೇಲೆ ಗ್ರಬ್ ಸೆಟ್ಟಿಂಗ್ ಫೈಲಿನ ನಕಲು ಇಟ್ಟುಕೊಂಡು, ಲಿನಕ್ಸ್ ಡಿಫಾಲ್ಟ್ ಸಾಲಿಗೆ 'ಎಸಿಪಿಐ ಅಂಡರ್‌ಸ್ಕೋರ್ ಬ್ಯಾಕ್‌ಲೈಟ್ ಈಕ್ವಲ್ಸ್ ನೇಟಿವ್' ಅಂತ ನಡುವೆ ಜಾಗ ಬಿಡದೆ ಸೇರಿಸಿದೆ. ಅಪ್‌ಡೇಟ್ ಗ್ರಬ್ ಕೊಟ್ಟು ರೀಸ್ಟಾರ್ಟ್ ಮಾಡಿದೆ. ಎಲ್ಲ ಲ್ಯಾಪ್‌ಟಾಪಿಗೂ ಇದೇ ಮದ್ದಲ್ಲ, ಮೊದಲು ನಿಮ್ಮದರಲ್ಲಿ ಯಾವ ಹೆಸರಿದೆ ನೋಡಿಕೊಳ್ಳಿ.

ಅವತ್ತು ರಾತ್ರಿ ಕೀ ಒತ್ತುತ್ತಾ ಒತ್ತುತ್ತಾ ಹತ್ತು ಪರ್ಸೆಂಟಿಗೆ ಇಳಿಸಿದೆ. ಹಾಸಿಗೆಯಿಂದ ದನಿ ಬಂತು: "ಏನೋ, ಕರೆಂಟ್ ಹೋಯ್ತಾ?"

"ಇಲ್ಲಮ್ಮ, ಮಲ್ಕೊ."

ಸೆರಗು ಸರಿಸಿ ಒಂದು ಸಲ ನೋಡಿದಳು, ಮತ್ತೆ ಹೊದ್ದುಕೊಳ್ಳಲಿಲ್ಲ.